ದಂಡಿನ ಕ್ಯೂ, ದೊಮ್ಮಲೂರಿನ ಗಿಟಾರು

ಶ್ರೀರಂಗಪಟ್ಟಣದ ಮಲೇರಿಯಾ ತಾಳಲಾರದೆ ಕಂಪನಿಯ ಸೈನ್ಯ 1809ರಲ್ಲಿ ಬೆಂಗಳೂರಿಗೆ ಬಂದು ಹಲಸೂರಿನ ಮಗ್ಗುಲಲ್ಲಿ ಡೇರೆ ಹೂಡಿತು. ಪೇಟೆಯವರು ಅದನ್ನು ದಂಡು ಎಂದರು. ಪೆರೇಡ್ ಮೈದಾನದ ಸುತ್ತ ಬ್ಯಾರಕ್ಕು, ಬ್ಯಾರಕ್ಕಿನ ಹಿಂದೆ ಬಜಾರು, ಬಜಾರಿನ ಆಚೆ ಅಧಿಕಾರಿಗಳ ಬಂಗಲೆ, ಅದರ ಪೂರ್ವಕ್ಕೆ ಹೊಲಗದ್ದೆ. ಆ ಹೊಲಗದ್ದೆಯ ನಡುವೆ ಚೊಕ್ಕನಾಥಸ್ವಾಮಿಯ ಗುಡಿ ಇಟ್ಟುಕೊಂಡು, ದಂಡಿಗಿಂತ ಐದು ನೂರು ವರ್ಷಕ್ಕೂ ಹಳೆಯದಾಗಿ ಕುಳಿತಿದ್ದ ಊರು ನಮ್ಮ ದೊಮ್ಮಲೂರು. ನಾನು ಹುಟ್ಟಿದ್ದು ಅಲ್ಲಿ. ಈಗಲೂ ಇರುವುದು ಅಲ್ಲಿಯೇ.

ಸಂಜೆಯಾದರೆ ನನಗೆ ಬೇಕಾದವು ಎರಡು. ಒಂದು ಪೂಲ್ ಟೇಬಲ್, ಇನ್ನೊಂದು ಬಿ.ಬಿ. ಕಿಂಗ್, ರೋರಿ ಗ್ಯಾಲಘರ್, ಡೇವಿಡ್ ಗಿಲ್ಮೋರ್ ಅಂಥವರ ಗಿಟಾರು. ಇವೆರಡಕ್ಕೂ ಏನು ಸಂಬಂಧ ಎಂದು ಮನೆಯವರು ಕೇಳಿದ್ದಾರೆ, ಗೆಳೆಯರು ಕೇಳಿದ್ದಾರೆ. ಅವೆರಡೂ ನಮ್ಮ ಓಣಿಗೆ ಬಂದ ದಾರಿಯನ್ನು ಹಿಂದಕ್ಕೆ ಹಿಡಿದು ಹೋದರೆ ಉತ್ತರ ಸಿಗುತ್ತದೆ. ಎರಡೂ ಬಂದದ್ದು ಸೈನ್ಯದ ಹಿಂದೆ. ಎರಡೂ ಬಹುಕಾಲ ಮುಚ್ಚಿದ ಬಾಗಿಲ ಒಳಗಿದ್ದವು. ಆ ಬಾಗಿಲನ್ನು ತೆರೆದವರು ಒಳಗೆ ಕುರ್ಚಿ ಹಾಕಿಕೊಂಡು ಕುಳಿತ ಸದಸ್ಯರಲ್ಲ, ನಿಂತು ನೋಡಿ ಕಲಿತವರು. ಇದು ನನ್ನ ನಂಬಿಕೆ, ಇದನ್ನು ಹೇಳಲಿಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಮೊದಲು ಕ್ಯೂ ಕೋಲಿನ ಕಥೆ. ಸ್ನೂಕರ್ ಹುಟ್ಟಿದ್ದು ಇಂಗ್ಲೆಂಡಿನಲ್ಲಿ ಅಲ್ಲ, ನಮ್ಮ ದೇಶದಲ್ಲಿ, ಅದೂ ಪೂಲ್‌ನ ಹೊಟ್ಟೆಯಿಂದ. 1875ರ ಮಳೆಗಾಲದಲ್ಲಿ ಜಬಲ್‌ಪುರದ ಡೆವನ್‌ಶೈರ್ ರೆಜಿಮೆಂಟಿನ ಮೆಸ್ಸಿನಲ್ಲಿ ನೆವಿಲ್ ಚೇಂಬರ್ಲೇನ್ ಎಂಬ ತರುಣ ಅಧಿಕಾರಿ, ಆಗ ಚಾಲ್ತಿಯಲ್ಲಿದ್ದ ಬ್ಲ್ಯಾಕ್ ಪೂಲ್ ಆಟಕ್ಕೆ ಇನ್ನಷ್ಟು ಬಣ್ಣದ ಚೆಂಡುಗಳನ್ನು ಸೇರಿಸಿದ. ಮುಂದೆ ಬ್ರಿಟನ್ನಿನ ಪ್ರಧಾನಿಯಾದ ಚೇಂಬರ್ಲೇನ್ ಬೇರೆ, ಈತ ಬೇರೆ. ಅಫ್ಘಾನ್ ಯುದ್ಧದಲ್ಲಿ ಗಾಯಗೊಂಡ ಮೇಲೆ ಈತ ಮದ್ರಾಸ್ ಸೈನ್ಯದ ದಂಡನಾಯಕ ರಾಬರ್ಟ್ಸ್‌ನ ಜೊತೆಗಿದ್ದ. ಬೇಸಿಗೆಗೆ ದಂಡನಾಯಕರ ವಾಸ ಊಟಿಯಲ್ಲಿ. ಅಲ್ಲಿಯ ಕ್ಲಬ್ಬಿನ ಬಿಲಿಯರ್ಡ್ಸ್ ಕೋಣೆಯಲ್ಲಿ 1882ರ ಹೊತ್ತಿಗೆ ಆಟದ ನಿಯಮಗಳನ್ನು ಬರೆದು ಗೋಡೆಗೆ ತೂಗುಹಾಕಿದರು. ಬೆಂಗಳೂರು ಅದೇ ಮದ್ರಾಸ್ ಸೈನ್ಯದ ದೊಡ್ಡ ಠಾಣ್ಯ. ಊಟಿಯ ಗೋಡೆಯ ಮೇಲಿನ ಆಟ ಇಲ್ಲಿಯ ಮೆಸ್ಸುಗಳಿಗೆ ಇಳಿಯಲು ಘಾಟಿಯ ದಾರಿಯೊಂದೇ ಅಡ್ಡ.

ಇಳಿದು ಬಂದ ಆಟಕ್ಕೆ ಮನೆಗಳೂ ಸಿದ್ಧವಿದ್ದವು. ಇಂದಿನ ಬೆಂಗಳೂರು ಕ್ಲಬ್ 1868ರಲ್ಲಿ ಯುನೈಟೆಡ್ ಸರ್ವಿಸ್ ಕ್ಲಬ್ ಎಂಬ ಹೆಸರಿನಲ್ಲಿ ಶುರುವಾಯಿತು. ಚರ್ಚಿಲ್ ಅಲ್ಲಿ ಹದಿಮೂರು ರೂಪಾಯಿ ಬಾಕಿ ಉಳಿಸಿ ಹೋದ ಕಥೆ ಎಲ್ಲರಿಗೂ ಗೊತ್ತಿರುವುದೇ. ಕಮಿಷನರ್ ಬೌರಿಂಗ್‌ನ ಹೆಸರು ಹೊತ್ತ ಬೌರಿಂಗ್ ಇನ್‌ಸ್ಟಿಟ್ಯೂಟ್ ಕೂಡ ಅದೇ ವರ್ಷದ್ದು. ಪೇಟೆಯ ಕಡೆಯ ದೊಡ್ಡವರಿಗೆ ಸ್ವಂತ ಕ್ಲಬ್ಬು ದೊರಕಿದ್ದು 1917ರಲ್ಲಿ. ವಿಶ್ವೇಶ್ವರಯ್ಯನವರ ಮುಂದಾಳತ್ವದಲ್ಲಿ ನೂರು ಮಂದಿ ಸೇರಿ ಕಬ್ಬನ್ ಪಾರ್ಕಿನಲ್ಲಿ ಸೆಂಚುರಿ ಕ್ಲಬ್ ಕಟ್ಟಿದರು. ಬಿಳಿಯರ ಕ್ಲಬ್ಬುಗಳಲ್ಲಿ ಪೇಟ ಸುತ್ತಿದ ತಲೆಗೆ ಗೌರವವಿಲ್ಲ ಎಂಬ ನೋವು ಅದರ ಬುನಾದಿಯಲ್ಲಿತ್ತು ಎಂದು ಹಿರಿಯರು ಹೇಳುತ್ತಿದ್ದರು.

ಕ್ಲಬ್ಬು ಯಾರದೇ ಇರಲಿ, ಬಿಲಿಯರ್ಡ್ಸ್ ಕೋಣೆ ನಡೆಯುತ್ತಿದ್ದದ್ದು ಮಾರ್ಕರ್‌ನಿಂದ. ಹನ್ನೆರಡಡಿ ಉದ್ದ, ಆರಡಿ ಅಗಲದ ಟೇಬಲ್ಲು. ಬಟ್ಟೆಯ ಕೆಳಗೆ ಸ್ಲೇಟಿನ ಐದು ಚಪ್ಪಡಿ. ಒಟ್ಟು ತೂಕ ಒಂದು ಟನ್ನಿಗೂ ಮೇಲೆ. ಅದರ ಹಸಿರು ಉಣ್ಣೆ ಬಟ್ಟೆಗೆ ಒಂದೇ ದಿಕ್ಕಿಗೆ ಮಲಗಿದ ನವುರಾದ ರೋಮವಿರುತ್ತದೆ. ಬೆಳಿಗ್ಗೆ ಮಾರ್ಕರ್ ಬಂದು ಬಾಕ್ ಗೆರೆಯ ಕಡೆಯಿಂದ ಬ್ಲ್ಯಾಕಿನ ಕಡೆಗೆ ಬ್ರಷ್ ಎಳೆಯಬೇಕು, ಆಮೇಲೆ ಅದೇ ದಿಕ್ಕಿಗೆ ಇಸ್ತ್ರಿ ಹಾಯಿಸಬೇಕು. ಅಡ್ಡ ಎಳೆದರೆ ನಿಧಾನಕ್ಕೆ ಉರುಳುವ ಚೆಂಡು ದಾರಿ ತಪ್ಪುತ್ತದೆ. ಕ್ಯೂ ತುದಿಯ ಚರ್ಮದ ಟಿಪ್ ಸವೆದರೆ ಹೊಸದು ಅಂಟಿಸಿ, ಉಜ್ಜಿ, ಗುಂಡಗೆ ಮಾಡಬೇಕು. ಸಂಜೆ ಸಾಹೇಬರು ಬಂದ ಮೇಲೆ ಅಂಕ ಎಣಿಸಬೇಕು, ಬಿದ್ದ ಚೆಂಡು ಎತ್ತಿಡಬೇಕು, ಜೊತೆಗಾರರಿಲ್ಲದವರಿಗೆ ತಾನೇ ಎದುರಾಳಿಯಾಗಿ ನಿಲ್ಲಬೇಕು. ಹೊಸಬರಿಗೆ ಕಲಿಸುವ ಕೆಲಸವೂ ಅವನದೇ. ಹೀಗೆ ದಿನವಿಡೀ ಟೇಬಲ್ಲಿನ ಪಕ್ಕ ನಿಂತವನಿಗೆ ಆ ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಆಟ ಗೊತ್ತಿರುತ್ತಿತ್ತು. ಹಲಸೂರು, ಮರ್ಫಿ ಟೌನ್, ಆಸ್ಟಿನ್ ಟೌನ್, ಶಿವಾಜಿನಗರದ ಬಡ ಮನೆಗಳಿಂದ ಬಂದ ಇವರು ತಮಿಳು, ದಖ್ಖನಿ, ಕನ್ನಡ ಮೂರನ್ನೂ ಬೆರೆಸಿ ಮಾತಾಡುವರು. ಇಂಗ್ಲಿಷಿನಲ್ಲಿ ಅಂಕ ಹೇಳುವರು.

ಅವರ ಪೈಕಿ ಒಬ್ಬರ ಕೈಕೆಳಗೆ ನಾನು ಕಲಿತೆ. ಆ ಮಾತು ಮುಂದೆ ಬರುತ್ತದೆ. ಈಗ ಗಿಟಾರು.

ದಂಡಿಗೂ ಸಂಗೀತಕ್ಕೂ ನಂಟು ಹಳೆಯದು. ಕಬ್ಬನ್ ಪಾರ್ಕಿನ ಬ್ಯಾಂಡ್‌ಸ್ಟ್ಯಾಂಡಿನಲ್ಲಿ ರೆಜಿಮೆಂಟಿನ ಬ್ಯಾಂಡು ನುಡಿಸುತ್ತಿತ್ತು. ಇಗರ್ಜಿಗಳಲ್ಲಿ ಆರ್ಗನ್ನಿತ್ತು. ಆದರೆ ನನ್ನ ಕಲ್ಪನೆ ಮತ್ತೆಮತ್ತೆ ಹೋಗುವುದು ಎರಡನೇ ಮಹಾಯುದ್ಧದ ಮೂರು ವರ್ಷಗಳಿಗೆ. ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಜೊತೆ ಸೇರಿ 1940ರ ಡಿಸೆಂಬರಿನಲ್ಲಿ ವಿಮಾನ ಕಾರ್ಖಾನೆ ಸ್ಥಾಪಿಸಿದರು. 1943ರಲ್ಲಿ ಆ ಕಾರ್ಖಾನೆ ಅಮೆರಿಕದ ವಾಯುಪಡೆಯ ಕೈಗೆ ಹೋಯಿತು. 84ನೇ ಏರ್ ಡಿಪೋ ಎಂಬ ಹೆಸರಿನಲ್ಲಿ ಯುದ್ಧ ಮುಗಿಯುವವರೆಗೂ ಅಲ್ಲಿ ಅವರ ವಿಮಾನಗಳ ರಿಪೇರಿ ನಡೆಯಿತು. ದಂಡಿನಿಂದ ಆ ಕಾರ್ಖಾನೆಗೆ ಹೋಗುವ ರಸ್ತೆ ನಮ್ಮ ದೊಮ್ಮಲೂರನ್ನು ದಾಟಿಯೇ ಹೋಗಬೇಕು. ಅದೇ ವರ್ಷ ಅಮೆರಿಕ ತನ್ನ ಸಿಪಾಯಿಗಳಿಗಾಗಿ ವಿ-ಡಿಸ್ಕ್ ಎಂಬ ಹನ್ನೆರಡು ಅಂಗುಲದ ಗ್ರಾಮಫೋನ್ ತಟ್ಟೆಗಳನ್ನು ಮುದ್ರಿಸಿ ಜಗತ್ತಿನ ತನ್ನ ಠಾಣ್ಯಗಳಿಗೆ ಹಂಚತೊಡಗಿತು. ಜಾಝ್ ಮತ್ತು ಬ್ಲೂಸ್ ಅದರಲ್ಲಿದ್ದವು. ನಮ್ಮಪ್ಪ ಸ್ವಾತಂತ್ರ್ಯ ಬಂದ ಮೇಲೆ ಅದೇ ಕಾರ್ಖಾನೆಗೆ ಫಿಟ್ಟರಾಗಿ ಸೇರಿದವರು. ಅಮೆರಿಕನ್ನರ ಕೈಕೆಳಗೆ ದುಡಿದ ಹಿರಿಯ ಕಾರ್ಮಿಕರು ಆಗ ಇನ್ನೂ ಶಾಪಿನಲ್ಲಿದ್ದರಂತೆ. ಕೆಲಸ ಮಾಡುತ್ತ ಶಿಳ್ಳೆಯಲ್ಲಿ ಅವರ ಹಾಡು ಹಾಕುತ್ತಿದ್ದರು ಎಂದು ಅಪ್ಪ ಹೇಳುತ್ತಿದ್ದರು.

ಆ ಹಾಡಿನ ತವರು ಮಿಸಿಸಿಪ್ಪಿಯ ಹತ್ತಿ ಹೊಲ. ಅಲ್ಲಿಯ ಕರಿಯ ಕೂಲಿಕಾರರು ಶನಿವಾರ ರಾತ್ರಿ ಸೇರುತ್ತಿದ್ದ ಜೂಕ್ ಜಾಯಿಂಟ್‌ಗಳಲ್ಲಿ ಒಂದು ಮೂಲೆಗೆ ಗಿಟಾರು ಹಿಡಿದವನು, ಇನ್ನೊಂದು ಮೂಲೆಗೆ ಪೂಲ್ ಟೇಬಲ್ಲು ಇರುವುದು ಮಾಮೂಲು. ಕರಿಯರು ಉತ್ತರಕ್ಕೆ ಗುಳೆ ಹೋದಾಗ ಶಿಕಾಗೋದ ಹೆಂಡದಂಗಡಿಗಳಿಗೂ ಇವೆರಡೂ ಜೊತೆಯಾಗಿ ಹೋದವು. ನನ್ನ ಎರಡು ಹುಚ್ಚುಗಳು ಒಂದೇ ಸೂರಿನಡಿ ಬಾಳಿದ್ದು ನಾನು ಹುಟ್ಟುವ ಎಷ್ಟೋ ಮೊದಲು. ರಾಬರ್ಟ್ ಜಾನ್ಸನ್ 1936 ಮತ್ತು 37ರಲ್ಲಿ ಟೆಕ್ಸಾಸ್‌ನಲ್ಲಿ ಕುಳಿತು ಧ್ವನಿಮುದ್ರಿಸಿದ್ದು ಇಪ್ಪತ್ತೊಂಬತ್ತು ಹಾಡು ಮಾತ್ರ. ಮರುವರ್ಷ, ಇಪ್ಪತ್ತೇಳನೇ ವಯಸ್ಸಿನಲ್ಲಿ, ಸತ್ತ. ಆ ಇಪ್ಪತ್ತೊಂಬತ್ತನ್ನು ಕೇಳಿಕೇಳಿಯೇ ಇಂಗ್ಲೆಂಡಿನ ಎರಿಕ್ ಕ್ಲ್ಯಾಪ್ಟನ್, ಕೀತ್ ರಿಚರ್ಡ್ಸ್ ಅಂಥ ಹುಡುಗರು ಗಿಟಾರು ಕಲಿತರು. ಗುರುವಿನ ಮುಖ ನೋಡದೆ ಕಿವಿಯಿಂದಲೇ ವಿದ್ಯೆ ದಾಟಿತು.

ಸ್ವಾತಂತ್ರ್ಯದ ಹೊಸ್ತಿಲಲ್ಲಿ ದಂಡು ಮೈಸೂರು ಸಂಸ್ಥಾನಕ್ಕೆ ಮರಳಿತು, ಬಿಳಿಯರು ಹೋದರು, ಟೇಬಲ್ಲುಗಳು ಉಳಿದವು. 1958ರಲ್ಲಿ ಕಲ್ಕತ್ತೆಯಲ್ಲಿ ನಡೆದ ವಿಶ್ವ ಅಮೆಚೂರ್ ಬಿಲಿಯರ್ಡ್ಸ್‌ನಲ್ಲಿ ವಿಲ್ಸನ್ ಜೋನ್ಸ್ ಗೆದ್ದರು. ಇನ್ನೊಂದು ದಂಡಿನ ಊರಾದ ಪುಣೆಯ ಆಂಗ್ಲೋ-ಇಂಡಿಯನ್ ಆತ. ಭಾರತಕ್ಕೆ ವೈಯಕ್ತಿಕ ಆಟವೊಂದರಲ್ಲಿ ಮೊದಲ ವಿಶ್ವ ಪ್ರಶಸ್ತಿ ತಂದುಕೊಟ್ಟದ್ದು ಹಾಕಿಯೂ ಅಲ್ಲ, ಕುಸ್ತಿಯೂ ಅಲ್ಲ, ಈ ಕ್ಯೂ ಕೋಲು. ಇದನ್ನು ನಮ್ಮ ಶಾಲೆಯ ಪುಸ್ತಕಗಳು ದೊಡ್ಡದಾಗಿ ಹೇಳಬೇಕಿತ್ತು.

ಗಿಟಾರಿನ ಕಡೆ, ಬೆಂಗಳೂರಿನಲ್ಲಿ ಹುಟ್ಟಿದ ಕೊಡವರ ಹುಡುಗ ಬಿದ್ದು ಅಪ್ಪಯ್ಯ ಅರವತ್ತರ ದಶಕದಲ್ಲಿ ಟ್ರೋಜನ್ಸ್ ಎಂಬ ತಂಡ ಕಟ್ಟಿ, ಆಮೇಲೆ ಲಂಡನ್ನಿಗೆ ಹೋಗಿ 1974ರಲ್ಲಿ ಜಗತ್ತೆಲ್ಲ ಕುಣಿದ ಕುಂಗ್‌ಫೂ ಹಾಡನ್ನು ನಿರ್ಮಿಸಿದರು. ಎಪ್ಪತ್ತರ ದಶಕದ ಮೊದಲ ಭಾಗದಲ್ಲಿ ಹ್ಯೂಮನ್ ಬಾಂಡೇಜ್ ಎಂಬ ತಂಡ ಇಲ್ಲಿಂದ ದೇಶವೆಲ್ಲ ಸುತ್ತಿತು. ಭಾನುವಾರ ಕಬ್ಬನ್ ಪಾರ್ಕಿನ ಅದೇ ಬ್ಯಾಂಡ್‌ಸ್ಟ್ಯಾಂಡಿನಲ್ಲಿ ಮ್ಯೂಸಿಕ್ ಸ್ಟ್ರಿಪ್ ಎಂಬ ಹೆಸರಿನಲ್ಲಿ ರಾಕ್ ತಂಡಗಳು ನುಡಿಸುತ್ತಿದ್ದವು. ಟಿಕೆಟ್ಟಿಲ್ಲ, ಹುಲ್ಲಿನ ಮೇಲೆ ಕೂರಬಹುದು. ದಂಡಿನ ಬ್ಯಾಂಡು ನಿಂತ ಕಟ್ಟೆಯ ಮೇಲೆ ನಮ್ಮ ಊರಿನ ಉದ್ದಗೂದಲಿನ ಹುಡುಗರು ನಿಂತದ್ದು ಸಣ್ಣ ಬದಲಾವಣೆಯಲ್ಲ. ಆ ತಲೆಮಾರಿನವರಲ್ಲಿ ನನಗೆ ಬಹಳ ಹತ್ತಿರದವರು ಕೋನಾರ್ಕ್ ರೆಡ್ಡಿ. ‘ಸಂಸ್ಕಾರ’ ಚಿತ್ರದ ನಿರ್ದೇಶಕ ಪಟ್ಟಾಭಿರಾಮ ರೆಡ್ಡಿ ಮತ್ತು ಚಂದ್ರಿಯಾಗಿ ನಟಿಸಿದ ಸ್ನೇಹಲತಾ ರೆಡ್ಡಿಯವರ ಮಗ. ತುರ್ತುಪರಿಸ್ಥಿತಿಯ ಸೆರೆಮನೆ ತಾಯಿಯ ದೇಹ ಹಿಂಡಿತು, 1977ರ ಜನವರಿಯಲ್ಲಿ ಅವರು ತೀರಿಕೊಂಡರು. ಮಗ ಅಮೆರಿಕಕ್ಕೆ ಹೋಗಿ ಗಿಟಾರು ಕಲಿತು ಬಂದು ಇದೇ ಊರಿನಲ್ಲಿ ನುಡಿಸಿದರು. ಅವರ ಬೆರಳಲ್ಲಿ ಬ್ಲೂಸ್ ಇದೆ, ನಮ್ಮ ಗಮಕದ ನಡೆಯೂ ಇದೆ. ಕರ್ನಾಟಕ ಸಂಗೀತ ಕೇಳಿ ಬೆಳೆದ ಕಿವಿಗೆ ಬ್ಲೂಸ್ ಬೇಗ ಒಗ್ಗುವುದಕ್ಕೆ ಕಾರಣವೂ ಇದೇ ಇರಬೇಕು. ಸ್ವರದ ಮೇಲೆ ನೇರ ಕಾಲಿಡದೆ, ತಂತಿಯನ್ನು ಪಕ್ಕಕ್ಕೆ ಎಳೆದು ಕೆಳಗಿನ ಸ್ವರದಿಂದ ಏರಿ ಬರುವ ಬಗೆ ನಮಗೆ ಪರದೇಶಿಯಲ್ಲ.

ಇಷ್ಟಾದರೂ ಎಂಬತ್ತರ ದಶಕದವರೆಗೆ ದೊಮ್ಮಲೂರಿನ ಫಿಟ್ಟರ್ ಮಗನಿಗೆ ಸ್ನೂಕರ್ ಟೇಬಲ್ಲು ಕಾಣುವ ಅವಕಾಶ ಸಿನಿಮಾದಲ್ಲಿ ಮಾತ್ರ. ಖಳನಾಯಕ ಅದರ ಪಕ್ಕ ನಿಂತು ಸಿಗರೇಟು ಸೇದುತ್ತಿದ್ದ. ಗಿಟಾರೂ ಅಷ್ಟೇ. ಮರ್ಫಿ ಟೌನಿನ ಕ್ರಿಸ್ತರ ಮನೆಗಳಲ್ಲಿ ಕಲ್ಕತ್ತೆಯ ಗಿವ್‌ಸನ್ ಅಥವಾ ಹೋಬ್ನರ್ ಗಿಟಾರು ಗೋಡೆಗೆ ತೂಗುತ್ತಿರುತ್ತಿತ್ತು. ಕ್ರಿಸ್‌ಮಸ್ಸಿಗೆ ಅದು ಕೆಳಗಿಳಿಯುವುದನ್ನು ನಾವು ಕಾಯುತ್ತಿದ್ದೆವು.

ಬದಲಾದದ್ದು 1991ರ ನಂತರ, ಒಂದು ಕೇಬಲ್ ತಂತಿಯಿಂದ. ಸ್ಟಾರ್ ಟಿವಿ ಹಾಂಗ್‌ಕಾಂಗಿನಿಂದ ಬಿಟ್ಟ ಮೊದಲ ಐದು ವಾಹಿನಿಗಳಲ್ಲಿ ಪ್ರೈಮ್ ಸ್ಪೋರ್ಟ್ಸ್ ಒಂದು, ಎಂಟಿವಿ ಇನ್ನೊಂದು. ದೊಮ್ಮಲೂರು ಲೇಔಟಿನ ಮನೆಗಳ ಮೇಲೆ ಮರದಿಂದ ಮರಕ್ಕೆ ಎಳೆದ ಕಪ್ಪು ವೈರಿನಲ್ಲಿ ಒಂದು ಕಡೆ ಸ್ಟೀಫನ್ ಹೆಂಡ್ರಿಯ ಸ್ನೂಕರ್, ಇನ್ನೊಂದು ಕಡೆ ಕ್ಲ್ಯಾಪ್ಟನ್ ಕುರ್ಚಿಯ ಮೇಲೆ ಕುಳಿತು ಅಕೂಸ್ಟಿಕ್ ಗಿಟಾರು ನುಡಿಸುವ 1992ರ ಅನ್‌ಪ್ಲಗ್ಡ್. ಮ್ಯಾಗ್ನಾಸೌಂಡ್ ಕಂಪನಿಯ ಕ್ಯಾಸೆಟ್ಟುಗಳು ಬ್ರಿಗೇಡ್ ರಸ್ತೆಯಲ್ಲಿ ಸಿಗುತ್ತಿದ್ದವು. ರೆಸ್ಟ್ ಹೌಸ್ ರಸ್ತೆಯಲ್ಲಿ 1989ರಲ್ಲಿ ತೆರೆದಿದ್ದ ಪೆಕೋಸ್‌ನ ಕತ್ತಲ ಮಹಡಿಗಳಲ್ಲಿ ಹೆಂಡ್ರಿಕ್ಸ್, ಡೋರ್ಸ್ ಸಂಜೆಯಿಡೀ ಮೊಳಗುತ್ತಿತ್ತು. ಅದೇ ಹೊತ್ತಿಗೆ ಹಲಸೂರು, ಇಂದಿರಾನಗರ, ಏರ್‌ಪೋರ್ಟ್ ರಸ್ತೆಯ ಮಳಿಗೆಗಳ ಮೇಲೆ ಸ್ನೂಕರ್ ಪಾರ್ಲರುಗಳು ತಲೆ ಎತ್ತಿದವು. ಗಂಟೆಗಿಷ್ಟು ಎಂದು ಕೊಟ್ಟರೆ ಸಾಕು, ಸದಸ್ಯತ್ವ ಬೇಡ, ಬೂಟು ಬೇಡ. ಸೋತವನು ಟೇಬಲ್ ದುಡ್ಡು ಕೊಡಬೇಕು ಎಂಬುದೊಂದೇ ಕಾನೂನು.

ಆ ಪಾರ್ಲರುಗಳಿಗೆ ಆಟ ಗೊತ್ತಿರುವ ಕೈ ಬೇಕಾಯಿತು. ಕ್ಲಬ್ಬುಗಳಿಂದ ನಿವೃತ್ತರಾದ ಮಾರ್ಕರ್‌ಗಳು ಬಂದರು. ನನ್ನ ಗುರು ಅವರಲ್ಲೊಬ್ಬರು. ಬಿಳಿ ಅಂಗಿ, ಇಸ್ತ್ರಿ ಮಾಡಿದ ಪ್ಯಾಂಟು, ಕಿವಿಯ ಹಿಂದೆ ಪೆನ್ಸಿಲು. ನಾವು ಅಣ್ಣ ಎನ್ನುತ್ತಿದ್ದೆವು, ಅವರು ನಮ್ಮನ್ನು ತಂಬಿ ಎನ್ನುತ್ತಿದ್ದರು. ಮೊದಲ ತಿಂಗಳು ಚೆಂಡನ್ನು ಗುಂಡಿಗೆ ಹಾಕಲು ಬಿಡಲಿಲ್ಲ. ಬಿಳಿ ಚೆಂಡೊಂದನ್ನೇ ಇಟ್ಟು, ಟೇಬಲ್ಲಿನ ನಡುಗೆರೆಯ ಮೇಲೆ ನೇರ ಹೊಡೆ, ಎದುರಿನ ಕುಶನ್ನಿಗೆ ತಾಗಿ ವಾಪಸು ಬಂದು ನಿನ್ನ ಕ್ಯೂ ತುದಿಗೇ ಮುಟ್ಟಬೇಕು ಎಂದರು. ಕೂದಲೆಳೆಯಷ್ಟು ಪಕ್ಕಕ್ಕೆ ಹೊಡೆದಿದ್ದರೂ ಚೆಂಡಿಗೆ ಸೈಡ್ ಹತ್ತಿ ಅದು ಬೇರೆ ದಾರಿಯಲ್ಲಿ ಮರಳುತ್ತದೆ. ತೋಳಿನ ಮೇಲಿನ ಭಾಗ ಕದಲಬಾರದು, ಮೊಣಕೈಯಿಂದ ಕೆಳಗೆ ಮಾತ್ರ ಗಡಿಯಾರದ ಲೋಲಕ. ‘ಕೈ ನೋಡ್ಬೇಡ ತಂಬಿ, ಬಾಲ್ ನೋಡು. ಕೈಗೆ ಗೊತ್ತಿದೆ’ ಎನ್ನುವರು.

ನೇರ ಹೊಡೆತ ಕೂತ ಮೇಲೆ ಮೂರು ಪಾಠ. ಬಿಳಿ ಚೆಂಡಿನ ಮೇಲ್ಭಾಗಕ್ಕೆ ಹೊಡೆದರೆ ಅದು ಎದುರಿನ ಚೆಂಡಿಗೆ ಬಡಿದು ಅದರ ಹಿಂದೆಯೇ ಹೋಗುತ್ತದೆ. ಕೆಳಭಾಗಕ್ಕೆ ಹೊಡೆದರೆ ಹಿಂದಕ್ಕೆ ಬರುತ್ತದೆ, ಅದಕ್ಕೆ ಸ್ಕ್ರೂ ಎನ್ನುತ್ತಾರೆ. ಇವೆರಡಕ್ಕಿಂತ ಕಷ್ಟದ್ದು ಸ್ಟನ್. ಚೆಂಡು ಮುಂದಕ್ಕೂ ಉರುಳದೆ, ಹಿಂದಕ್ಕೂ ತಿರುಗದೆ, ಜಾರುತ್ತ ಹೋಗಿ ಬಡಿಯಬೇಕು. ನೇರ ಬಡಿದರೆ ಬಡಿದ ಜಾಗದಲ್ಲೇ ನಿಂತುಬಿಡುತ್ತದೆ. ಬಟ್ಟೆಯ ಉಜ್ಜಾಟಕ್ಕೆ ಸ್ಕ್ರೂ ಕರಗುತ್ತ ಕರಗುತ್ತ ಸರಿಯಾಗಿ ಬಡಿಯುವ ಗಳಿಗೆಗೆ ಸೊನ್ನೆಯಾಗಬೇಕು. ದೂರ ಹೆಚ್ಚಾದಷ್ಟೂ ಎಷ್ಟು ಕೆಳಗೆ, ಎಷ್ಟು ಜೋರು ಎಂಬ ಲೆಕ್ಕ ಬದಲಾಗುತ್ತದೆ. ಇದನ್ನು ಯಾರೂ ಬರೆದುಕೊಡಲಾರರು, ಕೈಯೇ ಕಂಡುಕೊಳ್ಳಬೇಕು.

ಪಾರ್ಲರಿನ ಮಾಲೀಕರಿಗೆ ಬ್ಲೂಸ್ ಹುಚ್ಚು. ಟೇಪ್ ರೆಕಾರ್ಡರಿನಲ್ಲಿ ಸದಾ ಬಿ.ಬಿ. ಕಿಂಗ್. ಅಣ್ಣನವರಿಗೆ ಇಂಗ್ಲಿಷ್ ಹಾಡು ರುಚಿಸುತ್ತಿರಲಿಲ್ಲ, ಅವರ ದೇವರು ಟಿ.ಎಂ. ಸೌಂದರರಾಜನ್. ಒಂದು ಸಂಜೆ ನಾನು ಸ್ಟನ್ ಬಾರದೆ ಒದ್ದಾಡುತ್ತಿದ್ದಾಗ ಅವರು ಟೇಪಿನ ಕಡೆ ಬೆರಳು ತೋರಿಸಿದರು. ‘ಆ ಆಸಾಮಿ ನೋಡು. ಸುಮ್ನೆ ಹೊಡ್ಯಲ್ಲ, ನಿಲ್ಲಿಸ್ತಾನೆ.’ ಬಿ.ಬಿ. ಕಿಂಗ್ ಕುರಿತು ಆಮೇಲೆ ಎಷ್ಟೋ ಓದಿದೆ. ಇದಕ್ಕಿಂತ ಸರಿಯಾದ ವಿಮರ್ಶೆ ಸಿಗಲಿಲ್ಲ. ಆತ ಹತ್ತು ಸ್ವರ ನುಡಿಸುವ ಕಡೆ ಒಂದನ್ನು ನುಡಿಸಿ ಅದನ್ನೇ ಹಿಡಿದು ನಿಲ್ಲಿಸುತ್ತಾನೆ, ಎಡಗೈ ಬೆರಳನ್ನು ತಂತಿಯ ಮೇಲೆ ಅಲುಗಿಸಿ ಜೀವ ಕೊಡುತ್ತಾನೆ. ಆ ಅಲುಗಾಟ ಬಂದದ್ದು ಹೇಗೆಂದು ಆತನೇ ಹೇಳಿಕೊಂಡಿದ್ದಾನೆ. ಬಂಧು ಬುಕ್ಕಾ ವೈಟ್ ಸ್ಲೈಡ್ ಹಾಕಿ ನುಡಿಸುವುದನ್ನು ಕಂಡು ಅದೇ ದನಿ ತನಗೂ ಬೇಕೆನಿಸಿತು, ಸ್ಲೈಡ್ ಕೈಗೆ ಹತ್ತಲಿಲ್ಲ, ಬೆರಳನ್ನೇ ನಡುಗಿಸಿ ಸಾಧಿಸಿದ. ಹತ್ತಿ ಬಿಡಿಸುತ್ತಿದ್ದ ಹುಡುಗ ನೋಡಿ ಕಲಿತದ್ದು ಅದು. ನನ್ನ ಅಣ್ಣನವರು ಬಾಗಿಲ ಬಳಿ ನಿಂತು, ಸಾಹೇಬರ ಸ್ಟನ್ ನೋಡಿ ಕಲಿತ ಬಗೆಯೂ ಅದೇ.

ಈ ಪೂರ್ವದಿಕ್ಕಿನಿಂದಲೇ ಮುಂದೆ ಪಂಕಜ್ ಆಡ್ವಾಣಿ ಬಂದರು. ಹಲಸೂರಿನ ಕೇಂಬ್ರಿಜ್ ರಸ್ತೆಯ ಫ್ರಾಂಕ್ ಆಂಥನಿ ಶಾಲೆಯ ಹುಡುಗ. ಹತ್ತನೇ ವಯಸ್ಸಿಗೆ ಅಣ್ಣ ಶ್ರೀ ಆಡ್ವಾಣಿಯ ಬೆನ್ನು ಹಿಡಿದು ಸ್ನೂಕರ್ ನೋಡಲು ಹೋದವರು, ಮೊದಲು ನೋಡಿ ನೋಡಿಯೇ ಕಲಿತವರು. ಆಮೇಲೆ ವಸಂತನಗರದ ಕರ್ನಾಟಕ ರಾಜ್ಯ ಬಿಲಿಯರ್ಡ್ಸ್ ಸಂಸ್ಥೆಯಲ್ಲಿ ಅರವಿಂದ್ ಸವೂರ್ ಅವರ ಕೈಗೆ ಸಿಕ್ಕರು. 2003ರಲ್ಲಿ ಚೀನಾದ ಜಿಯಾಂಗ್‌ಮೆನ್‌ನಲ್ಲಿ ಪಾಕಿಸ್ತಾನದ ಸಾಲೇಹ್ ಮೊಹಮ್ಮದರನ್ನು ಸೋಲಿಸಿ ವಿಶ್ವ ಅಮೆಚೂರ್ ಸ್ನೂಕರ್ ಗೆದ್ದಾಗ ಅವರಿಗೆ ಹದಿನೆಂಟು. ಮರುವರ್ಷ ಸವೂರ್ ಅವರಿಗೆ ದ್ರೋಣಾಚಾರ್ಯ ಪ್ರಶಸ್ತಿ ಬಂತು. 2024ರ ಹೊತ್ತಿಗೆ ಆಡ್ವಾಣಿಯವರ ವಿಶ್ವ ಪ್ರಶಸ್ತಿಗಳು 28.

ಅವರ ಬಗ್ಗೆ ಎಲ್ಲರೂ ಬರೆಯುತ್ತಾರೆ. ನನಗೆ ಇನ್ನಷ್ಟು ಬೇಕಾದವರು ಆರ್. ಉಮಾದೇವಿ ನಾಗರಾಜ್. ತೋಟಗಾರಿಕೆ ಇಲಾಖೆಯಲ್ಲಿ ಟೈಪಿಸ್ಟ್. ಕಬ್ಬನ್ ಪಾರ್ಕಿನ ಸಚಿವಾಲಯ ಕ್ಲಬ್ಬಿಗೆ ಟೇಬಲ್ ಟೆನಿಸ್ ಆಡಲು ಹೋಗುತ್ತಿದ್ದವರು ಮೂವತ್ತರ ಆಸುಪಾಸಿನಲ್ಲಿ ಕ್ಯೂ ಹಿಡಿದರು. ಬೇರೆಯವರು ಆಟ ನಿಲ್ಲಿಸುವ ವಯಸ್ಸದು. ಹಗಲೆಲ್ಲ ಕಚೇರಿಯ ಟೈಪ್‌ರೈಟರು, ಸಂಜೆ ಟೇಬಲ್ಲು. 2012ರಲ್ಲಿ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಮಹಿಳೆಯರ ವಿಶ್ವ ಬಿಲಿಯರ್ಡ್ಸ್ ಗೆದ್ದು ಬಂದರು. ಅವರಿಗಿಂತ ಮೊದಲು 2006 ಮತ್ತು 2007ರಲ್ಲಿ ಅದೇ ಪ್ರಶಸ್ತಿ ಗೆದ್ದವರೂ ನಮ್ಮ ಊರಿನವರೇ, ಚಿತ್ರಾ ಮಗಿಮೈರಾಜ್. ಊಟಿಯ ಗೋಡೆಗೆ ನಿಯಮ ತೂಗುಹಾಕಿದವರ ಕೋಣೆಗಳಿಗೆ ಹೆಂಗಸರಿಗೆ ಪ್ರವೇಶವೇ ಇರಲಿಲ್ಲ. ಅಲ್ಲಿಂದ ಸರ್ಕಾರಿ ಟೈಪಿಸ್ಟ್ ಒಬ್ಬರ ವಿಶ್ವ ಪ್ರಶಸ್ತಿಯವರೆಗಿನ ದೂರ ನೆನೆದರೆ ನನಗೆ ಈಗಲೂ ಎದೆ ತುಂಬುತ್ತದೆ.

ಗಿಟಾರಿಗೂ ಅದೇ ಕಾಲ ಸುಗ್ಗಿ. 1996ರಿಂದ ಪ್ರತಿ ಆಗಸ್ಟ್ 15ಕ್ಕೆ ಫ್ರೀಡಂ ಜ್ಯಾಮ್ ನಡೆಯತೊಡಗಿತು, ಯಾರು ಬೇಕಾದರೂ ಬಂದು ಕೇಳಬಹುದು. ಅದೇ ವರ್ಷ ಕ್ರೈಸ್ಟ್ ಕಾಲೇಜಿನ ಹುಡುಗರು ಥರ್ಮಲ್ ಅಂಡ್ ಎ ಕ್ವಾರ್ಟರ್ ಕಟ್ಟಿದರು. ಅವರ ಗಿಟಾರಿಸ್ಟ್ ಬ್ರೂಸ್ ಲೀ ಮಣಿಯ ಬೆರಳಿನ ಶುದ್ಧಿ ನೋಡಲು ನಾನು ಎಷ್ಟೋ ದೂರ ಹೋಗಿದ್ದೇನೆ. 2001ರಲ್ಲಿ ಅರಮನೆ ಮೈದಾನಕ್ಕೆ ಡೀಪ್ ಪರ್ಪಲ್ ಬಂದಾಗ ಅವರಿಗಿಂತ ಮೊದಲು ವೇದಿಕೆ ಏರಿದ್ದು ಇದೇ ಹುಡುಗರು. ಆಮೇಲೆ ಮಹಾಮಹಿಮರ ಸಾಲು. 2002ರಲ್ಲಿ ರೋಜರ್ ವಾಟರ್ಸ್, ಜೊತೆಗೆ ಸ್ನೋಯಿ ವೈಟ್. 2003ರ ಏಪ್ರಿಲ್ 4ರಂದು ಸುರಿವ ಮಳೆಯಲ್ಲಿ ರೋಲಿಂಗ್ ಸ್ಟೋನ್ಸ್. 2005ರ ಮಾರ್ಚಿನಲ್ಲಿ ಮಾರ್ಕ್ ನಾಫ್ಲರ್. 2007ರ ಮಾರ್ಚ್ 17ಕ್ಕೆ ಐರನ್ ಮೇಡನ್. ಆಗ ಊರಿನ ನಾಗರಿಕ ವಿಮಾನ ನಿಲ್ದಾಣ ಎಚ್‌ಎಎಲ್‌ನದು. 2008ರ ಮೇ ತಿಂಗಳಲ್ಲಿ ಅದು ದೇವನಹಳ್ಳಿಗೆ ಹೋಗುವವರೆಗೂ ಊರಿಗೆ ಬರುವವರ ಹಾದಿ ದೊಮ್ಮಲೂರಿನ ಮೇಲೆಯೇ. ನಾಫ್ಲರ್ ಬರುವ ಸುದ್ದಿ ಕೇಳಿ ನಾವು ಕೆಲವರು ರಸ್ತೆಯ ಬದಿಯಲ್ಲಿ ನಿಂತು ಕಪ್ಪು ಗಾಜಿನ ಕಾರುಗಳಿಗೆಲ್ಲ ಕೈ ಬೀಸಿದೆವು. ಪಿಕ್ ಮುಟ್ಟದೆ ಬರಿ ಬೆರಳಲ್ಲಿ ಎಲೆಕ್ಟ್ರಿಕ್ ಗಿಟಾರು ಮಾತಾಡಿಸುವ ಆ ಮನುಷ್ಯ ನಮ್ಮ ಓಣಿಯ ಬಾಯಿ ದಾಟಿ ಹೋದರೆಂಬುದೇ ಸಾಕಿತ್ತು.

ಆಮೇಲೆ ಎರಡಕ್ಕೂ ಜಾಗದ ಕಷ್ಟ ಶುರುವಾಯಿತು. ಕ್ಯೂ ಬೀಸಲು ಜಾಗ ಬಿಟ್ಟು ಪೂರ್ಣ ಸ್ನೂಕರ್ ಟೇಬಲ್ಲು ಹಾಕಲು ಸುಮಾರು 22 ಅಡಿ ಉದ್ದ, 16 ಅಡಿ ಅಗಲದ ಕೋಣೆ ಬೇಕು, ಮಧ್ಯೆ ಕಂಬ ಇರಕೂಡದು. ಸಾಫ್ಟ್‌ವೇರ್ ಕಂಪನಿಗಳು ಬಂದು ಬಾಡಿಗೆ ಏರಿದ ಮೇಲೆ ಅಂಥ ಕೋಣೆ ಯಾರಿಗೆ ಎಟುಕೀತು? ಎಂಟಡಿಯ ಪೂಲ್ ಟೇಬಲ್ಲಿಗೆ ಅದರ ಮೂರರಲ್ಲಿ ಎರಡು ಪಾಲು ಸಾಕು. ಹಾಗಾಗಿ ನೂರಡಿ ರಸ್ತೆಯಲ್ಲೂ ದೊಮ್ಮಲೂರಿನಲ್ಲೂ ಹಸಿರು ದೊಡ್ಡ ಟೇಬಲ್ಲುಗಳು ಹೋಗಿ ನೀಲಿ ಬಟ್ಟೆಯ ಚಿಕ್ಕವು ಬಂದವು. ಸ್ನೂಕರಿನವರು ಪೂಲನ್ನು ಕೀಳೆಂದು ಕಾಣುವುದುಂಟು, ನಾನು ಒಪ್ಪುವುದಿಲ್ಲ. ಚೆಂಡು ದೊಡ್ಡದು, ಗುಂಡಿಯ ಬಾಯಿ ಅಗಲ, ನಿಜ. ಆದರೆ ಚಿಕ್ಕ ಜಾಗದಲ್ಲಿ ಚೆಂಡುಗಳ ಗುಂಪಿನ ನಡುವೆ ಬಿಳಿ ಚೆಂಡನ್ನು ಎಲ್ಲಿ ನಿಲ್ಲಿಸುವುದು ಎಂಬ ಲೆಕ್ಕ ಇಲ್ಲಿ ಇನ್ನೂ ಬಿಗಿ. ಅಣ್ಣನವರ ಸ್ಟನ್ ನನಗೆ ಅನ್ನ ಹಾಕಿದ್ದು ಪೂಲ್‌ನಲ್ಲಿ.

ಸಂಗೀತದ ಮೇಲೆ ಬಿದ್ದದ್ದು ಪರವಾನಗಿಯ ಪೆಟ್ಟು. ಸಾರ್ವಜನಿಕ ಮನರಂಜನೆಯ ಸ್ಥಳಗಳ ಕುರಿತ 2005ರ ಆದೇಶವನ್ನು ತೋರಿಸಿ 2008ರಲ್ಲಿ ಪೊಲೀಸರು ಬಾರು, ರೆಸ್ಟೋರೆಂಟುಗಳಲ್ಲಿ ಕುಣಿತ ಮತ್ತು ಲೈವ್ ಸಂಗೀತವನ್ನು ನಿಲ್ಲಿಸಿದರು. ಸಂಗೀತಗಾರರು ಗಿಟಾರು ಹೊತ್ತು ಬೀದಿಗೆ ಬಂದರು. 2018ರ ಜನವರಿ 25ರಂದು ಸುಪ್ರೀಂ ಕೋರ್ಟ್ ಆ ಆದೇಶವನ್ನು ಎತ್ತಿಹಿಡಿಯಿತು. ಆ ವರ್ಷವೇ ಇಂದಿರಾನಗರದ ಹಲವು ವೇದಿಕೆಗಳು ಮೌನವಾದವು. ಮರುವರ್ಷ ಹಮ್ಮಿಂಗ್ ಟ್ರೀ ಬಾಗಿಲು ಹಾಕಿತು. ಸದ್ದು ಹೆಚ್ಚಾಯಿತು ಎಂಬ ನಿವಾಸಿಗಳ ದೂರಿನಲ್ಲಿ ಹುರುಳಿದೆ, ನಾನೂ ಅಲ್ಲಿಯ ನಿವಾಸಿ. ಆದರೆ ಜೋರು ಸ್ಪೀಕರಿನ ಡಿಜೆಗೂ ಮೂಲೆಯಲ್ಲಿ ಕುಳಿತು ಬ್ಲೂಸ್ ನುಡಿಸುವ ಇಬ್ಬರಿಗೂ ಒಂದೇ ತಕ್ಕಡಿ ಹಿಡಿದದ್ದು ಅನ್ಯಾಯ ಎಂದು ಆಗಲೂ ಹೇಳಿದೆ, ಈಗಲೂ ಹೇಳುತ್ತೇನೆ.

ಈಗ ನಾನು ಹೋಗುವ ಪಾರ್ಲರಿನಲ್ಲಿ ಚೆಂಡು ಜೋಡಿಸಿ, ಬಟ್ಟೆ ಒರೆಸಿ, ಗಂಟೆಯ ಲೆಕ್ಕ ಬರೆಯುವ ಹುಡುಗ ಶಿಲ್ಲಾಂಗಿನ ಕಡೆಯವನು. ಮಾರ್ಕರ್ ಎಂಬ ಹೆಸರು ಅವನಿಗಿಲ್ಲ, ಸ್ಟಾಫ್ ಎನ್ನುತ್ತಾರೆ. ಕೆಲಸ ಮಾತ್ರ ಅದೇ. ಅವನ ಊರಿನ ಸೋಲ್‌ಮೇಟ್ ಎಂಬ ಬ್ಲೂಸ್ ತಂಡ 2007ರಲ್ಲಿ ಅಮೆರಿಕದ ಮೆಂಫಿಸ್‌ನಲ್ಲಿ ನಡೆಯುವ ಅಂತರರಾಷ್ಟ್ರೀಯ ಬ್ಲೂಸ್ ಸ್ಪರ್ಧೆಗೆ ಭಾರತದಿಂದ ಹೋಗಿತ್ತು. ಆ ತಂಡದ ರೂಡಿ ವಾಲಾಂಗ್ ಗಿಟಾರನ್ನು ನನಗೆ ಮೊದಲು ಕೇಳಿಸಿದವನು ಇವನೇ. ಬೆಳಿಗ್ಗೆ ಹನ್ನೊಂದಕ್ಕೆ ಶಟರ್ ಎತ್ತುತ್ತಾನೆ, ಗಿರಾಕಿ ಬರುವುದು ಒಂದರ ಮೇಲೆ. ನಡುವಿನ ಹೊತ್ತಿನಲ್ಲಿ ಕೆಳಗಿನ ಬೇಕರಿಯ ಹುಡುಗರಿಬ್ಬರಿಗೆ ಬಿಳಿ ಚೆಂಡೊಂದನ್ನೇ ಕೊಟ್ಟು ನೇರ ಹೊಡೆಸುತ್ತಿದ್ದಾನೆ. ಅವರ ಟೇಬಲ್ ದುಡ್ಡನ್ನು ನನ್ನ ಲೆಕ್ಕಕ್ಕೆ ಬರೆದುಕೋ ಎಂದಿದ್ದೇನೆ. ‘ಮಾಲೀಕರು ಆ ಹೊತ್ತಿಗೆ ದುಡ್ಡು ಬೇಡ ಅಂದಿದ್ದಾರೆ ಅಂಕಲ್’ ಎಂದ.